ಡಾಕ್ಟರ್ ಬೈಲುಮನೆಗೆ ಒಂದು ಸ್ವೀಟ್ ಬಾಕ್ಸ್

ನನ್ನ ಬಲ ಭುಜದ ಒಳಗೆ ಎಲುಬು ಹೇಗೆ ಕೂತಿದೆ ಎಂದು ನನ್ನ ಹೆಂಡತಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಎಕ್ಸ್‌ರೇ ಅಣ್ಣನಿಗೆ ಗೊತ್ತಿತ್ತು. ನನ್ನದು ಮಾತ್ರ ಅಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರು ಕಡೆ ಬೈಕಿನಿಂದ ಬಿದ್ದವರು, ಏಣಿಯಿಂದ ಜಾರಿದವರು, ಕೆಮ್ಮು ಬಿಡದವರು, ಬಚ್ಚಲಲ್ಲಿ ಸೊಂಟ ಮುರಿದುಕೊಂಡವರು, ಇವರಲ್ಲಿ ದೊಡ್ಡ ಪಾಲಿನವರ ಒಳಗನ್ನು ಅವರು ನೋಡಿಯಾಗಿತ್ತು. ಹಾಗಾಗಿ ಮದುವೆ ಮನೆಯಲ್ಲಿ ಅವರು ಊಟಕ್ಕೆ ಕೂತರೆ ಎದುರಿನ ಪಂಕ್ತಿಯವರು ಅಂಗಿ ಸರಿ ಮಾಡಿಕೊಳ್ಳುತ್ತಿದ್ದರು. ಅಂಗಿಯಿಂದ ಏನು ಪ್ರಯೋಜನ!

ಪುತ್ತೂರು ಪೇಟೆಯ ದರ್ಬೆಯಲ್ಲಿರುವ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವರು ಎಕ್ಸ್‌ರೇ ತೆಗೆಯುವವರು. ಊರಿಗೆಲ್ಲ ‘ಎಕ್ಸ್‌ರೇ ಅಣ್ಣ’. ಹೋದ ತಿಂಗಳು ನಿವೃತ್ತರಾದರು. ನಿಜ ಹೇಳಬೇಕೆಂದರೆ ಎರಡು ವರ್ಷ ಮೊದಲೇ ಅವರನ್ನು ಮನೆಗೆ ಕಳಿಸುವ ಏರ್ಪಾಡು ಆಗಿತ್ತು, ಅದೂ ದೀಪಾವಳಿಯ ಸ್ವೀಟ್ ಬಾಕ್ಸುಗಳ ದೆಸೆಯಿಂದ. ಆ ಗಲಾಟೆಯಲ್ಲಿ ನಾನೂ ಸ್ವಲ್ಪ ಕಾಲ ಡಾಕ್ಟರಾಗಿದ್ದೆ. ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಕೆಂಪುಕಲ್ಲು ಹೊರಲು ಹೋಗಿ, ಹೊತ್ತು ಹೊತ್ತು ಮೇಸ್ತ್ರಿಯಾದವನು ನಾನು. ಡಾಕ್ಟರ್ ಎನ್ನಿಸಿಕೊಳ್ಳಲು ನನಗೇನೂ ಕಷ್ಟವಾಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಪರಿಚಯ ಆದದ್ದು ಜಗಳದಿಂದ. ಆ ಆಸ್ಪತ್ರೆಯ ಎಕ್ಸ್‌ರೇ ಕೋಣೆ ಕಟ್ಟಿದ್ದು ನಾನು. ಕಿರಣ ಹೊರಗೆ ಹೋಗಬಾರದೆಂದು ಗೋಡೆ ದಪ್ಪ ಬೇಕು, ಸಂದು ಇರಬಾರದು. ನಾನು ಕಟ್ಟಿದ ಗೋಡೆಯಲ್ಲಿ ಸಂದು ಹುಡುಕುವವನು ಇನ್ನೂ ಹುಟ್ಟಿಲ್ಲ. ಆದರೆ ಈ ಮನುಷ್ಯ ದಿನಾ ಬೆಳಿಗ್ಗೆ ಬಂದು ನನ್ನ ಗೋಡೆಗೆ ಬೆರಳ ಗಂಟಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ ಹೋಗುತ್ತಿದ್ದರು. ಗಿಡ್ಡ ಆಳು, ಹೊಟ್ಟೆ ಮುಂದೆ, ಕಿವಿಯಲ್ಲಿ ಕೂದಲು. ಒಂದು ದಿನ ನನಗೆ ತಡೆಯಲಿಲ್ಲ.

“ಎಂತ ಮಾರಾಯ್ರೆ, ಇದೆಂತ ಹಲಸಿನಕಾಯಿಯಾ ತಟ್ಟಿ ನೋಡ್ಲಿಕ್ಕೆ? ಗೋಡೆಯ ವಿಷಯ ನಿಮಗೆ ಎಂತ ಗೊತ್ತುಂಟು?”

“ಎಂತದೂ ಗೊತ್ತಿಲ್ಲ. ಆದ್ರೆ ಇದರ ಆಚೆ ಬದಿ ಜೀವಮಾನ ಇಡೀ ಕೂತ್ಕೊಳ್ಳುದು ನಾನು, ನೀವಲ್ಲ.”

ಸಂಜೆ ಇಬ್ಬರೂ ಒಟ್ಟಿಗೆ ಚಾ ಕುಡಿದೆವು.

ಅವರು ಸುಳ್ಯದ ಕಡೆಯವರು, ಮನೆಯಲ್ಲಿ ಅರೆಭಾಷೆ ಮಾತಾಡುವವರು. ಆದರೆ ‘ಉಸಿರು ತಕ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ’ ಎನ್ನುವುದನ್ನು ತುಳು, ಬ್ಯಾರಿ, ಮಲಯಾಳ ಎಲ್ಲದರಲ್ಲೂ ಹೇಳುತ್ತಿದ್ದರು. ಮಲಯಾಳದಲ್ಲಿ ಅವರಿಗೆ ಬರುತ್ತಿದ್ದದ್ದು ಅಷ್ಟೇ. ಒಮ್ಮೆ ಕಾಸರಗೋಡಿನ ಮದುವೆಗೆ ಹೋಗಿ, ಮಾತಾಡಿಸಿದವರಿಗೆಲ್ಲ ಉಸಿರು ಹಿಡಿಯಲು ಹೇಳಿ ಬಂದೆ ಎಂದು ಅವರೇ ಹೇಳಿ ನಗುತ್ತಿದ್ದರು.

ಎಕ್ಸ್‌ರೇ ತೆಗೆದ ಮೇಲೆ ಒಳಗೆ ಏನಿದೆ ಎಂದು ರೋಗಿಗೆ ಅವರು ಹೇಳುವ ಹಾಗಿಲ್ಲ, ಅದು ಡಾಕ್ಟರ ಕೆಲಸ. ನಮ್ಮ ಜನ ಬಿಡುತ್ತಾರೆಯೇ? ಮೇಜಿನಿಂದ ಇಳಿಯುವ ಮೊದಲೇ “ಎಂತ ಉಂಟಣ್ಣ ಒಳಗೆ?” ಎಂದು ಕೇಳುತ್ತಿದ್ದರು. ಅವರ ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಪಂಚಾಯತಿಗೆ ನಿಂತು ಸೋತವರೊಬ್ಬರಿಗೆ “ಬೆನ್ನೆಲುಬು ಉಂಟು, ಹೆದರಬೇಡಿ” ಎಂದಿದ್ದರು. ಸೊಸೆಯ ಬಗ್ಗೆ ದೂರು ಹೇಳುತ್ತಲೇ ಮಲಗಿದ್ದ ಒಬ್ಬ ಅತ್ತೆಗೆ, “ಗಾಳಿ ತುಂಬ ಉಂಟಕ್ಕ, ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂತ್ರೆ ಸರಿಯಾಗ್ತದೆ.” ನನಗೆ ಹೇಳಿದ್ದು: “ಮೇಸ್ತ್ರಿಗಳೇ, ಬಲ ಬದಿಯಲ್ಲಿ ಧಿಮಾಕು ಸ್ವಲ್ಪ ಜಾಸ್ತಿ ಕಾಣ್ತದೆ.”

ಆಗ ಫಿಲ್ಮಿನ ಕಾಲ. ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸಿದ ಫಿಲ್ಮು ಕಂದು ಬಣ್ಣದ ದೊಡ್ಡ ಕವರಿನಲ್ಲಿ ರೋಗಿಯ ಕೈಗೆ ಬರುತ್ತಿತ್ತು. ಅದು ಊರಿಗೆ ತೋರಿಸುವ ವಸ್ತು. ಹಾಳಾದ ಫಿಲ್ಮುಗಳಿಗೂ ಗಿರಾಕಿಗಳಿದ್ದರು. ಗ್ರಹಣದ ದಿನ ಸೂರ್ಯನನ್ನು ನೋಡಲಿಕ್ಕೆಂದು ಅರ್ಧ ಪೇಟೆ ಅವರ ಬಾಗಿಲಲ್ಲಿ ನಿಲ್ಲುತ್ತಿತ್ತು, ಇವರು ಬೈದು ಓಡಿಸುತ್ತಿದ್ದರು. ಕಡಬದ ಒಬ್ಬರು ಮಾತ್ರ ಬೈಸಿಕೊಂಡೂ ಒಂದು ಕಟ್ಟು ಕೊಂಡುಹೋಗಿ ಬಾಳೆತೋಟದಲ್ಲಿ ಸಾಲಾಗಿ ನೇತುಹಾಕಿದ್ದರು, ಗಾಳಿಗೆ ಪಟಪಟ ಎಂದರೆ ಮಂಗ ಬರುವುದಿಲ್ಲವೆಂದು. “ಪುತ್ತೂರಿನವರ ಎದೆಯೊಳಗೆ ಎಂತ ಉಂಟು ಅಂತ ನನಗೆ ಬಿಟ್ಟರೆ ಕಡಬದ ಮಂಗಗಳಿಗೆ ಗೊತ್ತು” ಎನ್ನುತ್ತಿದ್ದರು.

ಆಮೇಲೆ ಕಂಪ್ಯೂಟರು ಬಂತು. ಕತ್ತಲೆ ಕೋಣೆಯ ಗೋಡೆ ಒಡೆದು ಅಲ್ಲಿ ಎ.ಸಿ. ಹಾಕಿ, ಚಿತ್ರಗಳನ್ನೆಲ್ಲ ಇಟ್ಟುಕೊಳ್ಳುವ ಪೆಟ್ಟಿಗೆ ಇಡಬೇಕಿತ್ತು. ಒಡೆಯುವ ಕೆಲಸವೂ ನನಗೇ ಬಂತು. ಇನ್ನು ತೊಳೆಯುವುದಿಲ್ಲ, ಒಣಗಿಸುವುದಿಲ್ಲ. ಇಲ್ಲಿ ಗುಂಡಿ ಒತ್ತಿದರೆ ರೋಗಿ ಅಂಗಿ ಹಾಕಿಕೊಳ್ಳುವ ಮೊದಲೇ ಚಿತ್ರ ಮೇಲಿನ ಮಹಡಿಯ ಡಾಕ್ಟರ ಮೇಜಿನಲ್ಲಿ. ಮಂಗಳೂರಿನಲ್ಲಿ ಕೂತು ಓದಿ ಹೇಳುವ ಡಾಕ್ಟರಿಗೂ ಅದೇ ಚಿತ್ರ. ರೋಗಿಯ ಮೊಬೈಲಿಗೆ ಒಂದು ಲಿಂಕು, ಒತ್ತಿದರೆ ನಮ್ಮದೇ ಎಲುಬು.

ಲಿಂಕಿನಿಂದ ಆದ ಅವಾಂತರಕ್ಕೆ ಒಂದು ಉದಾಹರಣೆ ಸಾಕು. ಕುಂಬ್ರದಲ್ಲಿ ಪೈಪು, ಸಿಮೆಂಟಿನ ಅಂಗಡಿ ಇಟ್ಟಿರುವ ಹಾಜಿಯವರು ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡರು. ದುಬೈಯಲ್ಲಿರುವ ಮಕ್ಕಳು ನೋಡಲಿ ಎಂದು ಎಡಗೈಯಲ್ಲಿ ಒತ್ತಿ ಚಿತ್ರ ಕಳಿಸಿದರು. ಅದು ಹೋದದ್ದು ಅಂಗಡಿಯ ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಕೊಳವೆಗಳೆರಡು. ಒಬ್ಬರು ಕೇಳಿದರು, “ಎಷ್ಟು ಇಂಚಿನದ್ದು? ಸ್ಟಾಕ್ ಉಂಟಾ?” ಇನ್ನೊಬ್ಬರು, “ಕ್ರ್ಯಾಕ್ ಉಂಟಲ್ಲ ಹಾಜಿಯವರೇ, ನಮಗೆ ಈ ಮಾಲು ಬೇಡ.” ಎಕ್ಸ್‌ರೇ ಅಣ್ಣ ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ ಖುಷಿಪಟ್ಟರು.

ಆದರೆ ಎಲ್ಲರ ಹತ್ತಿರ ಲಿಂಕು ಒತ್ತುವ ಫೋನು ಇರಲಿಲ್ಲ. ವಯಸ್ಸಾದವರು ಎಕ್ಸ್‌ರೇ ಮುಗಿದ ಮೇಲೂ ಬೆಂಚಿನಲ್ಲಿ ಕೂತೇ ಇರುತ್ತಿದ್ದರು, ಕವರು ಬರಲಿ ಎಂದು. ಆಸ್ಪತ್ರೆಗೆ ಹೋಗಿ ಕೈ ಬೀಸಿಕೊಂಡು ಮನೆಗೆ ಹೋಗುವುದು ಹೇಗೆ? ಇವರು ಉಗ್ರಾಣದಿಂದ ಹಳೆಯ ಕವರುಗಳ ರಾಶಿ ತಂದಿಟ್ಟುಕೊಂಡರು. ರೋಗಿಯ ಹೆಸರು ಬರೆದು, ಖಾಲಿ ಕವರನ್ನೇ ಗಂಭೀರವಾಗಿ ಕೊಡುವುದು. “ಮಡಚಬೇಡಿ ಆಯ್ತಾ, ನೀರು ತಾಗಿಸಬೇಡಿ” ಎಂಬ ಎಚ್ಚರಿಕೆ ಬೇರೆ. ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಹೆಸರಿನ ವಿಷಯ. ನನ್ನ ಹೆಸರು ಬಾಲಕೃಷ್ಣ. ಕುಂಬ್ರದಿಂದ ಕಡಬದವರೆಗೆ ಎಲ್ಲಿ ಕಲ್ಲು ಎಸೆದರೂ ಒಬ್ಬ ಬಾಲಕೃಷ್ಣನಿಗೆ ತಾಗುತ್ತದೆ. ತಪ್ಪಿದರೆ ಒಬ್ಬ ಅಬ್ದುಲ್ಲನಿಗೆ. ಹಾಗಾಗಿಯೇ ನಮ್ಮಲ್ಲಿ ಮನುಷ್ಯನಿಗಿಂತ ಮೊದಲು ಅವನ ಮನೆಗೆ ಹೆಸರು. ನಾನು ಪಾದೆಕರೆ ಬಾಲಕೃಷ್ಣ. ಪಾದೆಕರೆ ಎಂದರೆ ಸಾಕು, ಬಾಲಕೃಷ್ಣ ಇಲ್ಲದಿದ್ದರೂ ನಡೆಯುತ್ತದೆ. ಫಿಲ್ಮಿನ ಕಾಲದಲ್ಲಿ ಇವರು ಕವರಿನ ಮೇಲೆ ಮನೆ ಹೆಸರನ್ನೇ ದೊಡ್ಡದಾಗಿ ಬರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಹೆಸರಿಗೆ ಜಾಗ ಇತ್ತು, ವಯಸ್ಸಿಗೆ ಇತ್ತು, ನಂಬರಿಗೆ ಇತ್ತು. ಮನೆ ಹೆಸರಿಗೆ ಇರಲಿಲ್ಲ.

ಅದರ ಫಲವನ್ನು ನಾನೇ ಉಂಡೆ. ಭುಜದ ನೋವಿಗೆಂದು ಎಕ್ಸ್‌ರೇ ತೆಗೆಸಿ ಮೇಲೆ ಹೋದರೆ, ಹೊಸ ಡಾಕ್ಟರು ಕಂಪ್ಯೂಟರು ನೋಡಿ, “ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಬೇಕು” ಎಂದರು.

“ಯಾರದ್ದು?”

“ನಿಮ್ಮದೇ. ಬಾಲಕೃಷ್ಣ ಅಲ್ವಾ?”

ನಾನು ಅವರ ಮೇಜಿನ ಒಂದು ತುದಿಯನ್ನು ಆ ಮಣಿಕಟ್ಟಿನಲ್ಲೇ ಎತ್ತಿ ತೋರಿಸಿದೆ. ಡಾಕ್ಟರು ನಕ್ಕುಬಿಟ್ಟರು. ಹೊರಗೆ ಬೆಂಚಿನಲ್ಲಿ ಇನ್ನೊಬ್ಬ ಬಾಲಕೃಷ್ಣ ಕೈಗೆ ಹೆಗಲ ಮೇಲಿನ ಬೈರಾಸು ಸುತ್ತಿಕೊಂಡು ನರಳುತ್ತಿದ್ದ. ಇಬ್ಬರಿಗೂ ಬೇರೆ ಬೇರೆ ನಂಬರಿತ್ತು, ಸರಿ. ಆದರೆ ಅವಸರದಲ್ಲಿ ಹುಡುಕುವವರು ಹೆಸರು ನೋಡುತ್ತಾರೆ, ನಂಬರಲ್ಲ.

“ಇದು ಹೀಗೆ ಆಗುದಿಲ್ಲ ಮೇಸ್ತ್ರಿಗಳೇ,” ಎಂದರು ಎಕ್ಸ್‌ರೇ ಅಣ್ಣ. “ಇವತ್ತು ಡಾಕ್ಟ್ರ ಮೇಜು ಎತ್ತುವಲ್ಲಿಗೆ ಮುಗೀತು. ನಾಳೆ ಯಾರದ್ದಾದ್ರೂ ಕಾಲು ಹೋದೀತು.”

ಅವರು ಒಂದು ದಾರಿ ಕಂಡುಕೊಂಡರು. ಕಂಪ್ಯೂಟರಿನಲ್ಲಿ ‘ಕಳುಹಿಸಿದವರು’ ಎಂದು ಒಂದು ಜಾಗ ಇತ್ತು. ಹೊರಗಿನ ಡಾಕ್ಟರು ಯಾರಾದರೂ ಚೀಟಿ ಕೊಟ್ಟು ಕಳಿಸಿದ್ದರೆ ಅವರ ಹೆಸರು ಹಾಕಲಿಕ್ಕೆ. ಹೆಚ್ಚಿನವರು ನೇರ ಬರುವವರಾದ್ದರಿಂದ ಅದು ಖಾಲಿ ಬಿದ್ದಿತ್ತು. ಅಲ್ಲಿ ಇವರು ಮನೆ ಹೆಸರು ಕುಟ್ಟತೊಡಗಿದರು. ಚಿತ್ರದ ಮೇಲೆಯೇ ಅದು ಕಾಣುತ್ತಿತ್ತು. ಬಾಲಕೃಷ್ಣರೆಲ್ಲ ತಮ್ಮ ತಮ್ಮ ಎಲುಬಿಗೆ ವಾಪಸಾದರು. ಮೇಲಿನ ಡಾಕ್ಟರುಗಳಿಗೂ ಅಭ್ಯಾಸ ಆಯಿತು. ಒಂದೇ ತೊಂದರೆ, ಆ ಜಾಗದಲ್ಲಿ ಏನು ಬರೆದರೂ ಕಂಪ್ಯೂಟರು ತಾನಾಗಿ ಅದರ ಮುಂದೆ ‘ಡಾ.’ ಎಂದು ಸೇರಿಸುತ್ತಿತ್ತು. ಇವರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಆಸ್ಪತ್ರೆಗೆ ಹೊಸ ಮ್ಯಾನೇಜರು ಬಂದರು, ಘಟ್ಟದ ಮೇಲಿನವರು. ಕೆಲಸಗಾರ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ದೀಪಾವಳಿಗೆ, ರೋಗಿಗಳನ್ನು ಕಳಿಸುವ ಡಾಕ್ಟರುಗಳಿಗೆಲ್ಲ ಸ್ವೀಟ್ ಬಾಕ್ಸ್ ಕೊಡೋಣ ಎಂದು ಅವರಿಗೆ ಹೊಳೆಯಿತು. ಕಂಪ್ಯೂಟರಿಗೆ ಕೇಳಿದರು. ಅದು ಹೇಳಿತು: ಎಲ್ಲರಿಗಿಂತ ಮೇಲೆ ಡಾ. ಬೈಲುಮನೆ, ಸುಳ್ಯ. ಕೆಳಗೆ ಡಾ. ಕಲ್ಲಗುಡ್ಡೆ, ಡಾ. ಮೇಲಿನಡ್ಕ. ಇನ್ನೂ ಕೆಳಗೆ, ಸಾಕಷ್ಟು ಮರ್ಯಾದೆಯ ಸ್ಥಾನದಲ್ಲಿ, ಡಾ. ಪಾದೆಕರೆ, ಕುಂಬ್ರ. ಆ ಹೆಸರುಗಳ ಎದುರು ಕಂಪ್ಯೂಟರು ರೋಗಿಗಳ ವಿಳಾಸವನ್ನೇ ಕೊಟ್ಟಿತ್ತು, ಡ್ರೈವರು ಜೀಪು ತುಂಬ ಬಾಕ್ಸು ಹೇರಿಕೊಂಡು ಹೊರಟ.

ನಮ್ಮ ಮನೆಗೆ ಬಂದಾಗ ನಾನಿರಲಿಲ್ಲ. ಹೆಂಡತಿ ಇದ್ದಳು.

“ಡಾಕ್ಟರ್ ಪಾದೆಕರೆ ಇದ್ದಾರಾ?”

ಅವಳು ಒಮ್ಮೆ ಬಾಕ್ಸು ನೋಡಿದಳು, ಒಮ್ಮೆ ಡ್ರೈವರನ್ನು. “ಇಲ್ಲ, ಸ್ಲ್ಯಾಬ್ ಹಾಕ್ಲಿಕ್ಕೆ ಹೋಗಿದ್ದಾರೆ. ಕೊಡಿ ಇಲ್ಲಿ.”

ಸಂಜೆ ನಾನು ಬಂದಾಗ, “ಡಾಕ್ಟ್ರೇ, ಕಾಲು ತೊಳೆದು ಬನ್ನಿ” ಎಂದಳು. ಕಾಜು ಕತ್ಲಿ ಇತ್ತು. ಒಳ್ಳೆಯದೇ ಇತ್ತು.

ಎಲ್ಲರ ಹೆಂಡತಿಯರೂ ನನ್ನ ಹೆಂಡತಿಯಂತಲ್ಲ. ಕಲ್ಲಗುಡ್ಡೆಯಲ್ಲಿ, ಸಾಲ ವಸೂಲಿಗೆ ಬಂದ ಯಾವುದೋ ಆಪ್‌ನವನು ಇರಬೇಕೆಂದು ಡ್ರೈವರಿನ ಮೇಲೆ ನಾಯಿ ಬಿಟ್ಟರು. ಅವನು ವಾಪಸು ಬಂದು ಹರಿದ ಪ್ಯಾಂಟು ತೋರಿಸಿದ ಮೇಲೆ ಮ್ಯಾನೇಜರು ಕಂಪ್ಯೂಟರು ಬಿಡಿಸಿ ನೋಡಿದರು. ಗುಟ್ಟು ಗೊತ್ತಾಯಿತು. ಎಕ್ಸ್‌ರೇ ಕೋಣೆಯ ಕಪಾಟು ತೆಗೆದು ನೋಡಿದರೆ ಖಾಲಿ ಕವರುಗಳ ರಾಶಿ. ಅದು ಇನ್ನೂ ದೊಡ್ಡ ತಪ್ಪಾಯಿತು: ದಾಖಲೆ ಕೆಡಿಸಿದ್ದು ಒಂದು, ರೋಗಿಗಳಿಗೆ ಖಾಲಿ ಕವರು ಕೊಟ್ಟು ಮೋಸ ಮಾಡಿದ್ದು ಇನ್ನೊಂದು. ಪಾಸ್‌ವರ್ಡು ಕಿತ್ತುಕೊಂಡರು. ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟ್ರು ಊರಲ್ಲಿರಲಿಲ್ಲ. ಅವರು ಬಂದು ತೀರ್ಮಾನ ಮಾಡುವವರೆಗೆ ಮಿಶನ್ ಮುಟ್ಟಬಾರದು, ಆಮೇಲೆ ಮನೆಗೆ ಹೋಗಲು ತಯಾರಿರಬೇಕು ಎಂದರು.

ನಾನು ಸುದ್ದಿ ಕೇಳಿ ಹೋದಾಗ ಅವರು ರೋಗಿಗಳ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಬುತ್ತಿ. ಅವರ ಕೈಗೆ ಕೆಲಸವಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಬುತ್ತಿ ಯಾಕೆ?”

“ಮನೆಯಲ್ಲಿ ಹೇಳ್ಲಿಲ್ಲ. ಬೆಳಿಗ್ಗೆ ಬಸ್ಸಿಗೆ ಬರುದು, ಇಲ್ಲಿ ಕೂರುದು, ಸಂಜೆ ಹೋಗುದು.”

“ನಾನು ಆ ಮ್ಯಾನೇಜರನ ಹತ್ರ ಮಾತಾಡ್ತೇನೆ.”

“ಬೇಡ ಮಾರಾಯ್ರೆ. ನೀವು ಮಾತಾಡಿದ್ರೆ ಅವರ ಎಕ್ಸ್‌ರೇ ಯಾರು ತೆಗಿಯುದು? ನನಗೆ ಪಾಸ್‌ವರ್ಡ್ ಇಲ್ಲ.” ಬುತ್ತಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು, “ರಿಟೈರಿಗೆ ಇನ್ನು ಎರಡು ವರ್ಷ ಉಂಟು ನನಗೆ. ಹೋಗುದಕ್ಕೆ ಬೇಜಾರಿಲ್ಲ. ಮೋಸ ಮಾಡಿದವ ಅಂತ ಹೇಳಿ ಕಳಿಸುದು ಬೇಡಿತ್ತು.”

ತಮಾಷೆ ಇಲ್ಲದ ಮಾತು ಅವರ ಬಾಯಲ್ಲಿ ಸರಿ ಕೂರುತ್ತಿರಲಿಲ್ಲ. ನಾನು ಅವರ ಬುತ್ತಿಯಿಂದ ಒಂದು ತುತ್ತು ಚಟ್ನಿ ಅನ್ನ ತಿಂದು, ಉಪ್ಪು ಜಾಸ್ತಿ ಎಂದು ಬೈದು ಎದ್ದು ಬಂದೆ.

ದೊಡ್ಡ ಡಾಕ್ಟ್ರು ಬಂದ ದಿನ ಮ್ಯಾನೇಜರು ಸಾಕ್ಷಿಗೆಂದು ಇಬ್ಬರು ‘ಡಾಕ್ಟರು’ಗಳನ್ನು ಕರೆಸಿದ್ದರು. ಒಬ್ಬ ನಾನು. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಇನ್ನೊಬ್ಬರು ಡಾ. ಬೈಲುಮನೆ, ಎಂದರೆ ಆ ಮನೆಯ ಅಜ್ಜಿ. ಜೀಪು ಕಳಿಸಿದರೆ ಬರುತ್ತೇನೆ ಎಂದಿದ್ದರಂತೆ, ಕಳಿಸಿದ್ದರು. ಕೋಲೂರಿಕೊಂಡು ಬಂದು, ದೊಡ್ಡ ಡಾಕ್ಟ್ರ ಎದುರಿನ ಮೆತ್ತನೆಯ ಕುರ್ಚಿಯಲ್ಲೇ ಕೂತರು. ಎಕ್ಸ್‌ರೇ ಅಣ್ಣ ಗೋಡೆಗೆ ಒರಗಿ ನಿಂತಿದ್ದರು.

ಮ್ಯಾನೇಜರು ನನ್ನ ಕಡೆ ಕೈ ತೋರಿಸಿದರು. “ಸಾರ್, ಇವರೇ ಡಾಕ್ಟರ್ ಪಾದೆಕರೆ.”

ದೊಡ್ಡ ಡಾಕ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. “ಹೌದಾ?”

“ಹೌದು,” ಎಂದೆ. “ನಿಮಗೆ ಎಂತ ತೊಂದ್ರೆ?”

ಅವರು ಕೆಮ್ಮಿದ ಹಾಗೆ ಮಾಡಿದರು. ಮ್ಯಾನೇಜರು ನಗಲಿಲ್ಲ. ‘ಕಳುಹಿಸಿದವರು’ ಎಂಬ ಜಾಗದಲ್ಲಿ ಮನೆಗಳ ಹೆಸರು ತುಂಬಿಸಿ ದಾಖಲೆಯನ್ನೆಲ್ಲ ಸುಳ್ಳು ಮಾಡಿದ್ದಾರೆ ಎಂದು ವಿವರಿಸಿದರು. ದೊಡ್ಡ ಡಾಕ್ಟ್ರು ಎಕ್ಸ್‌ರೇ ಅಣ್ಣನ ಕಡೆ ತಿರುಗಿದರು. “ಮನೆ ಹೆಸರು ಬರೆದದ್ದು ಗೊತ್ತಾಯ್ತು. ಡಾಕ್ಟರ್ ಅಂತ ಯಾಕೆ ಬರ್ದದ್ದು?”

“ಅದು ನಾನು ಬರ್ದದ್ದಲ್ಲ ಡಾಕ್ಟ್ರೇ. ಕಂಪ್ಯೂಟರು ತಾನಾಗಿ ಕೊಟ್ಟ ಮರ್ಯಾದೆ. ಮಿಶನೇ ಮರ್ಯಾದೆ ಕೊಡುವಾಗ ನಾವು ಬೇಡ ಅನ್ನುದು ಹೇಗೆ?”

ದೊಡ್ಡ ಡಾಕ್ಟ್ರು ಅಜ್ಜಿಯನ್ನು ಕೇಳಿದರು. “ಅಮ್ಮ, ನಿಮ್ಮ ಬೈಲುಮನೆಯಿಂದ ಇಷ್ಟು ಜನ ಇಲ್ಲಿಗೆ ಬರ್ತಾರಲ್ಲ, ಅವರನ್ನು ಕಳಿಸುದು ಯಾರು?”

ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಾನು. ಮತ್ತೆ ಯಾರು? ಮಕ್ಕಳು, ಸೊಸೆಯಂದಿರು, ಕೆಲಸದವರು, ಆಚೆಮನೆಯವರು, ಬಿದ್ದವರನ್ನೆಲ್ಲ ಪುತ್ತೂರಿಗೇ ಹೋಗಿ ಅಂತ ಹೇಳುದು ನಾನೇ. ಇಲ್ಲದಿದ್ರೆ ಅವರು ಸುಳ್ಯದಲ್ಲೇ ಬಸ್ ಇಳಿದು ಅಲ್ಲಿನ ಆಸ್ಪತ್ರೆಗೆ ಹೋಗ್ತಾರೆ.”

ದೊಡ್ಡ ಡಾಕ್ಟ್ರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ಸುಲಭದಲ್ಲಿ ಬಿಡುವವರಲ್ಲ. ಒಂದು ಕಂದು ಕವರು ತೆಗೆದು ಮೇಜಿನ ಮೇಲಿಟ್ಟರು. “ಸರಿ. ಇದಕ್ಕೇನಂತೀರ? ಇದನ್ನ ನಿಮಗೂ ಕೊಟ್ಟಿದ್ದಾರಲ್ಲ ಅಜ್ಜಿ? ಒಳಗೆ ಏನೂ ಇಲ್ಲ. ಮೋಸ ಇದು.”

“ಖಾಲಿ ಅಂತ ನಂಗೆ ಗೊತ್ತುಟ್ಟು,” ಎಂದರು ಅಜ್ಜಿ, ತಮ್ಮ ಅರೆಭಾಷೆಗೆ ಜಾರಿ. “ಕಣ್ಣು ಕಾಂಬದಿಲ್ಲೆ ಅಂತ ತಿಳ್ಕೊಂಡ್ರಾ? ಮೊದಲ ದಿನವೇ ಬಿಡಿಸಿ ನೋಡಿದ್ದೇನೆ.”

ಎಕ್ಸ್‌ರೇ ಅಣ್ಣ ಗೋಡೆಯಿಂದ ನೆಟ್ಟಗಾದರು. ಇದು ಅವರಿಗೂ ಹೊಸ ಸಂಗತಿ.

“ಮತ್ತೆ ಯಾಕೆ ತಗೊಂಡ್ರಿ?” ಎಂದರು ಮ್ಯಾನೇಜರು.

“ನೀವು ಈ ಕಡೆಯ ಬಸ್ಸಲ್ಲಿ ಹೋದವರಲ್ಲ, ಕಾಣ್ತದೆ,” ಎಂದರು ಅಜ್ಜಿ. “ಮುದುಕಿ ಬಂದ್ರೆ ಈಗ ಯಾರೂ ಏಳುದಿಲ್ಲ ಮಗ. ಕವರು ಕಂಡ್ರೆ ಏಳ್ತಾರೆ. ಆ ಕವರು ಹಿಡ್ಕೊಂಡ್ರೆ ಪುತ್ತೂರಿಂದ ನಮ್ಮ ಗೇಟಿನವರೆಗೆ ಸೀಟು. ಕಂಡಕ್ಟರು ಕೈ ಹಿಡ್ದು ಇಳಿಸ್ತಾನೆ. ನಿಮ್ಮ ಮಾತ್ರೆಯಿಂದ ಇಷ್ಟು ಗುಣ ಆಗ್ಲಿಲ್ಲ. ಎಷ್ಟು ಸಲ ನಾನು ಕೇಳಿ ತಕ್ಕೊಂಡಿದ್ದೇನೆ, ಇವರು ಪಾಪ ನೀರು ತಾಗಿಸಬೇಡಿ ಅಂತ ಹೇಳ್ತಾರೆ, ನಾನೂ ಆಯ್ತು ಅಂತೇನೆ. ಅವರಿಗೆ ಬೇಜಾರು ಮಾಡುದು ಯಾಕೆ?”

ದೊಡ್ಡ ಡಾಕ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಾಗ ತಡೆದ ನಗುವಿಗೆ ಭುಜ ಅಲುಗುತ್ತಿತ್ತು. ಆಮೇಲೆ ಮ್ಯಾನೇಜರಿಗೆ ಹೇಳಿದರು, “ಕಂಪೆನಿಯವರಿಗೆ ಫೋನು ಮಾಡಿ. ಮನೆ ಹೆಸರಿಗೆ ಬೇರೆ ಜಾಗ ಮಾಡಿಕೊಡ್ಲಿಕ್ಕೆ ಹೇಳಿ. ಅದು ಮಾಡಿಕೊಡುವವರೆಗೆ ಇದು ಹೀಗೇ ಇರ್ಲಿ. ಇವರು ಕೂಡ.” ಎಕ್ಸ್‌ರೇ ಅಣ್ಣನನ್ನು ನೋಡಿ, “ಇನ್ನು ಮುಂದೆ ಏನಾದ್ರೂ ಹೊಸತು ಮಾಡುದಿದ್ರೆ ಮೊದ್ಲು ನನಗೆ ಹೇಳ್ಬೇಕು. ಗೊತ್ತಾಯ್ತಾ?”

“ಗೊತ್ತಾಯ್ತು ಡಾಕ್ಟ್ರೇ.”

“ಪಾಸ್‌ವರ್ಡ್ ವಾಪಸು ಕೊಡಿ ಇವರಿಗೆ.”

ಮ್ಯಾನೇಜರು ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಎಕ್ಸ್‌ರೇ ಅಣ್ಣ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಮಡಚದೆ ಅಂಗಿಯ ಜೇಬಿಗೆ ಇಳಿಸಿದರು.

ಆಗ ಅಜ್ಜಿ ಕೋಲು ಊರಿ ಎದ್ದರು. “ಹೇಗೂ ಬಂದಾಯ್ತಲ್ಲ, ನನ್ನ ಮೊಣಕಾಲಿನದ್ದು ಒಂದು ತೆಗೀರಿ. ಜೀಪು ಪುಕ್ಕಟೆ ಬಂದದ್ದಕ್ಕೆ ಸಾರ್ಥಕ ಆಗ್ಲಿ.”

ಎಕ್ಸ್‌ರೇ ಅಣ್ಣ ಒಂದೇ ಹೆಜ್ಜೆಗೆ ಬಂದು ಅವರ ಕೈ ಹಿಡಿದರು. “ಬನ್ನಿ ಡಾಕ್ಟ್ರಮ್ಮ” ಎಂದು ಕಾರಿಡಾರಿನಲ್ಲಿ ನಿಧಾನ ನಡೆಸಿಕೊಂಡು ಹೋದರು. ನಾನು ಹಿಂದೆ, ನನ್ನ ಹಿಂದೆ ಮ್ಯಾನೇಜರು, ಈ ಮನುಷ್ಯ ಈಗ ಕಂಪ್ಯೂಟರಿನಲ್ಲಿ ಏನು ಬರೆಯುತ್ತಾನೆ ನೋಡಿಯೇ ಬಿಡುತ್ತೇನೆ ಎಂಬ ಹಟದಲ್ಲಿ. ಅಜ್ಜಿಯನ್ನು ಒಳಗೆ ಕೂರಿಸಿ, ಎಕ್ಸ್‌ರೇ ಅಣ್ಣ ಬಾಗಿಲಿಗೆ ಬಂದರು. ಮ್ಯಾನೇಜರು ಒಳಗೆ ಒಂದು ಕಾಲು ಇಟ್ಟಾಗಿತ್ತು.

“ಹೊರಗೆ ನಿಲ್ಲಿ ಸಾರ್,” ಎಂದರು ಬಹಳ ಮರ್ಯಾದೆಯಿಂದ. “ಒಳಗೆ ಕ್ಲೀನಾಗಿರುವವರಿಗೆ ಈ ಕಿರಣ ಸುಮ್ಮನೆ ತಾಗಬಾರದು.”

ಆ ಭಾರದ ಸೀಸದ ಬಾಗಿಲನ್ನು ಅವರು ಮೆಲ್ಲಗೆ, ಪೂರ್ತಿ ಸಂತೋಷದಿಂದ, ಮ್ಯಾನೇಜರ ಮೂಗಿನ ಎದುರು ಮುಚ್ಚಿದರು. ಮೇಲೆ ಕೆಂಪು ದೀಪ ಹತ್ತಿತು.